ಪ್ರೇಷಿತರು ಮತ್ತು ಧರ್ಮಾಧ್ಯಕ್ಷರು: ಕಥೋಲಿಕ ಕೆಟೆಕಿಸಂ ಎಷ್ಟು ತಿಳಿಸಿಕೊಡುತ್ತದೆ?

ಧರ್ಮಾಧ್ಯಕ್ಷರು (ಬಿಷಪ್‌ಗಳು) ಪ್ರೇಷಿತರ, ಅಂದರೆ ಯೇಸು ಆರಿಸಿ ಕಳುಹಿಸಿದ ಮೊದಲ ಶಿಷ್ಯರ, ಉತ್ತರಾಧಿಕಾರಿಗಳು ಎಂಬ ಮಾತನ್ನು ಕಥೋಲಿಕರು ಬಾಲ್ಯದಿಂದಲೇ ಕೇಳಿರುತ್ತಾರೆ. ಅದರ ಅರ್ಥವನ್ನು ಮತ್ತೊಬ್ಬರಿಗೆ ಬಿಡಿಸಿ ಹೇಳಬೇಕಾದವರಿಗೆ, ಮುಖ್ಯವಾಗಿ ಧರ್ಮೋಪದೇಶ ತರಗತಿ ನಡೆಸುವವರಿಗೆ, ಎರಡನೆಯ ಜಾನ್ ಪಾಲ್ ಜಗದ್ಗುರುಗಳ (ಪೋಪರ) ಕಾಲದಲ್ಲಿ, 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಕೆಟೆಕಿಸಂ, ಅಂದರೆ ಸಭೆಯ ಬೋಧನೆಗಳ ಅಧಿಕೃತ ಸಂಗ್ರಹ, ಕೈಯಳತೆಯಲ್ಲಿ ಇರಲೇಬೇಕಾದ ಗ್ರಂಥ. ನಾನು ಓದಿರುವುದು ಅದರ ಇಂಗ್ಲಿಷ್ ಆವೃತ್ತಿಯನ್ನು.

ಈ ವಿಷಯದಲ್ಲಿ ಗ್ರಂಥದ ನಿಜವಾದ ಬೆಲೆ ತಿಳಿಯುವುದು 860ನೆಯ ಪರಿಚ್ಛೇದದಲ್ಲಿ. ಪುನರುತ್ಥಾನರಾದ ಪ್ರಭುವನ್ನು ಕಂಡ ಸಾಕ್ಷಿಗಳಾಗಿ, ಧರ್ಮಸಭೆಯ ಅಸ್ತಿವಾರವಾಗಿ ಪ್ರೇಷಿತರಿಗೆ ದೊರೆತ ಸ್ಥಾನವನ್ನು ಯಾರಿಗೂ ವರ್ಗಾಯಿಸಲಾಗದು. ಆದರೆ ಶುಭಸಂದೇಶವನ್ನು ಸಾರುವ, ಸಭೆಯನ್ನು ಪಾಲಿಸುವ ಹೊಣೆ ಲೋಕಾಂತ್ಯದವರೆಗೂ ನಡೆಯಬೇಕಾದುದರಿಂದ ಅದಕ್ಕೆ ಉತ್ತರಾಧಿಕಾರಿಗಳು ಬೇಕಾದರು. ಧರ್ಮಾಧ್ಯಕ್ಷರನ್ನು ಹೊಸ ಪ್ರೇಷಿತರೆಂದು ಭಾವಿಸುವವರಿಗೂ, ಅವರನ್ನು ಕೇವಲ ಆಡಳಿತಾಧಿಕಾರಿಗಳೆಂದು ಕಾಣುವವರಿಗೂ ಇದೊಂದೇ ಪರಿಚ್ಛೇದದಲ್ಲಿ ಉತ್ತರವಿದೆ. ಇಷ್ಟು ಸ್ಪಷ್ಟವಾದ ವಿವರಣೆ ಪ್ರವಚನಗಳಲ್ಲಿ ಅಪರೂಪವಾಗಿರುವುದು ನನಗೆ ಬೇಸರದ ಸಂಗತಿ.

ಎರಡನೆಯ ಮುಖ್ಯ ಅಂಶ 880ರಿಂದ ಮುಂದಿನ ಭಾಗದಲ್ಲಿದೆ. ಪ್ರೇಷಿತರಲ್ಲಿ ಪ್ರಮುಖರಾದ ಪೇತ್ರ ಮತ್ತು ಉಳಿದ ಪ್ರೇಷಿತರು ಒಂದೇ ಮಂಡಲಿಯಾಗಿದ್ದಂತೆ ಜಗದ್ಗುರುಗಳೂ ಧರ್ಮಾಧ್ಯಕ್ಷರೂ ಒಂದೇ ಮಂಡಲಿ; ಜಗದ್ಗುರುಗಳ ಐಕ್ಯವಿಲ್ಲದೆ ಆ ಮಂಡಲಿಗೆ ಅಧಿಕಾರವಿಲ್ಲ. ಧರ್ಮಾಧ್ಯಕ್ಷರೆಲ್ಲ ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಪ್ರಕಟಿಸಿದ, ಧರ್ಮಸಭೆಯ ಸ್ವರೂಪವನ್ನು ವಿವರಿಸುವ 'ಲೂಮೆನ್ ಜೆಂಸಿಯುಂ' ಎಂಬ ಬೋಧನಾ ದಾಖಲೆಯ ಮೂರನೆಯ ಅಧ್ಯಾಯವೇ ಇದಕ್ಕೆ ಆಧಾರ. ಇಂಥ ಧರ್ಮಾಧ್ಯಕ್ಷರು ಇಂಥ ಪ್ರೇಷಿತರ ವಾರಸುದಾರರು ಎಂದು ಒಬ್ಬೊಬ್ಬರಿಗೂ ಒಂದೊಂದು ಹೆಸರು ಹುಡುಕುವ ಅಗತ್ಯ ಆಗ ಉಳಿಯುವುದಿಲ್ಲ. ಜಗದ್ಗುರುಗಳು ಕೂರುವ ರೋಮಿನ ಪೀಠ ಪೇತ್ರರದ್ದೆಂಬುದು ಮಾತ್ರ ಇದಕ್ಕೆ ಹೊರತಾದ ವಿಶೇಷ ಸಂಗತಿ.

ಕೊರತೆಗಳೂ ಇವೆ. ಇದೇ ವಿಷಯ ದೀಕ್ಷಾ ಸಂಸ್ಕಾರದ (ಗುರುಗಳನ್ನೂ ಧರ್ಮಾಧ್ಯಕ್ಷರನ್ನೂ ಅಭಿಷೇಕಿಸುವ ವಿಧಿಯ) ಭಾಗದಲ್ಲಿ, 1555ರಿಂದ 1561ರವರೆಗೆ, ಮತ್ತೆ ಬರುತ್ತದೆ. ಪ್ರೇಷಿತರು ಪಡೆದ ಪವಿತ್ರಾತ್ಮರ ವರ ಹಸ್ತನಿಕ್ಷೇಪದ (ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದರ) ಮೂಲಕ ಹರಿದುಬಂದಿದೆ ಎಂಬ ತಿರುಳಿನ ಮಾತು ಅಲ್ಲಿರುವುದರಿಂದ ಮೂರೂ ಕಡೆ ಒಟ್ಟಿಗೆ ಓದದಿದ್ದರೆ ಚಿತ್ರ ಪೂರ್ಣವಾಗದು. ಅದಕ್ಕಿಂತ ದೊಡ್ಡ ಕೊರತೆ ಚರಿತ್ರೆಯದು: ಹೊಸ ಒಡಂಬಡಿಕೆಯಲ್ಲಿ ಸಭಾಹಿರಿಯರು ಮತ್ತು ಮೇಲ್ವಿಚಾರಕರ (ಮುಂದೆ ಧರ್ಮಾಧ್ಯಕ್ಷರೆನಿಸಿದವರ) ನಡುವೆ ಗೆರೆ ಇನ್ನೂ ಸ್ಪಷ್ಟವಾಗಿಲ್ಲ ಎಂಬ ಪ್ರಶ್ನೆಯನ್ನು ಗ್ರಂಥ ವಿಸ್ತರಿಸುವುದಿಲ್ಲ. ಒಂದನೆಯ ಶತಮಾನದ ಕೊನೆಯ ಭಾಗದ್ದೆಂದು ಸಾಮಾನ್ಯವಾಗಿ ಎಣಿಸುವ ರೋಮಿನ ಆರಂಭದ ಧರ್ಮಾಧ್ಯಕ್ಷರಲ್ಲೊಬ್ಬರಾದ ಕ್ಲೆಮೆಂತರ ಪತ್ರ ಅಡಿಟಿಪ್ಪಣಿಗೆ ಸೀಮಿತವಾಗಿದೆ. ಪ್ರೇಷಿತರು ತಮ್ಮ ನಂತರದವರಿಗಾಗಿ ವ್ಯವಸ್ಥೆ ಮಾಡಿದರೆಂದು ಹೇಳುವ ಆ ಪತ್ರದ 42 ಮತ್ತು 44ನೆಯ ಅಧ್ಯಾಯಗಳನ್ನು ತರಗತಿ ನಡೆಸುವವರು ಜೊತೆಗಿಟ್ಟುಕೊಳ್ಳುವುದು ಒಳಿತು. ಕೊಳ್ಳುವಾಗ 1997ರ ಲತೀನ್ ಪಠ್ಯಕ್ಕೆ ಅನುಗುಣವಾಗಿ ಪರಿಷ್ಕರಿಸಿದ ಆವೃತ್ತಿಯನ್ನೇ ಕೇಳಿ ಪಡೆಯಬೇಕು.