ಖಂಡನೆ, ಮರುಪ್ರಶ್ನೆ, ಮೌನ: ಒಂದೇ ವಾದಕ್ಕೆ ಮೂರು ಉತ್ತರಗಳು

ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ನವೆಂಬರ್‌ನಲ್ಲೂ, ರಾಜ್ಯೋತ್ಸವದ ಶುಭಾಶಯಗಳ ಬೆನ್ನಿಗೇ, ಕನ್ನಡ ಸಂಸ್ಕೃತದಿಂದ ಹುಟ್ಟಿತೇ ಎಂಬ ಜಗಳ ಏಳುತ್ತದೆ. ಅದನ್ನು ಎದುರಿಸಲು ನಾನು ಮೂರು ದಾರಿಗಳನ್ನು ಪ್ರಯೋಗಿಸಿ ನೋಡಿದ್ದೇನೆ.

ಮೊದಲ ವರ್ಷ ಸಾಲುಸಾಲಾಗಿ ಖಂಡಿಸಿದೆ. ದಕ್ಷಿಣದ ಭಾಷೆಗಳು ಬೇರೊಂದು ಕುಟುಂಬಕ್ಕೆ ಸೇರಿದವೆಂದು ಮದ್ರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಲ್ಲಿಸ್ 1816ರಲ್ಲಿಯೇ ವಾದಿಸಿದ್ದನ್ನೂ, 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ಅದನ್ನು ತೌಲನಿಕ ವ್ಯಾಕರಣದ ಮೂಲಕ ವಿಸ್ತರಿಸಿದ್ದನ್ನೂ ಒಂದು ಸಂಜೆಯೆಲ್ಲ ಕುಳಿತು ಬರೆದೆ. ಚಿಕ್ಕಪ್ಪನವರು ಉತ್ತರಿಸಿದ್ದು ಒಂದೇ ಸಾಲಿನಲ್ಲಿ: "ಅವರೆಲ್ಲ ಬ್ರಿಟಿಷರಲ್ಲವೇನಪ್ಪಾ?" ಅಲ್ಲಿಂದ ಮುಂದೆ ಚರ್ಚೆ ನಡೆದದ್ದು ಬ್ರಿಟಿಷರ ಬಗ್ಗೆ.

ಮರುವರ್ಷ ದಾರಿ ಬದಲಿಸಿ, ನಮ್ಮ ಶಾಸ್ತ್ರಕಾರರಂತೆ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಹೇಳಿದೆ: "ಕನ್ನಡದಲ್ಲಿ ಸಂಸ್ಕೃತ ಪದಗಳು ಹೇರಳವಾಗಿವೆ, ಆದ್ದರಿಂದ ಅದು ಸಂಸ್ಕೃತದ ಮಗಳು, ನೀವು ಹೇಳುವುದು ಇದೇ ತಾನೇ ಚಿಕ್ಕಪ್ಪ?" ಅವರು ಹೌದೆಂದ ಮೇಲೆ ಒಂದೇ ಪ್ರಶ್ನೆ ಕೇಳಿದೆ: ಕಣ್ಣು, ಕೈ, ಒಂದು, ಎರಡು, ಮೂರು ಎಲ್ಲಿಂದ ಬಂದವು? ಮದ್ರಾಸಿನಲ್ಲಿ ಹತ್ತು ವರ್ಷ ದುಡಿದಿದ್ದ ಅವರು ತಮಿಳಿನಲ್ಲೂ ಕಣ್, ಕೈ ಎನ್ನುತ್ತಾರೆಂದು ತಾವಾಗಿಯೇ ಬರೆದರು. ಅವರಲ್ಲಿದ್ದದ್ದು ಹಟವಲ್ಲ, ಎರವಲು ಪಡೆದದ್ದನ್ನೂ ಹುಟ್ಟಿನಿಂದ ಬಂದದ್ದನ್ನೂ ಒಂದೆಂದುಕೊಂಡ ಗೊಂದಲ. 13ನೆಯ ಶತಮಾನದ ಕನ್ನಡ ವ್ಯಾಕರಣಕಾರ ಕೇಶಿರಾಜನು ಸಂಸ್ಕೃತದಿಂದ ಬಂದ ತತ್ಸಮ, ತದ್ಭವಗಳನ್ನು ಅಚ್ಚಗನ್ನಡದ ದೇಶ್ಯದಿಂದ ಬೇರ್ಪಡಿಸಿದ್ದನ್ನು ಆಗ ಹೇಳಿದರೆ ಅವರಿಗೆ ಹಿಡಿಸಿತು, ಏಕೆಂದರೆ ಅವನು ಬ್ರಿಟಿಷನಲ್ಲ. ಆದರೆ ಮರುದಿನ ಬೆಳಿಗ್ಗೆಯೇ "ಹಾಗಾದರೆ ಕನ್ನಡ ತಮಿಳಿನ ಮಗಳು" ಎಂದು ತೀರ್ಮಾನಿಸಿದರು! ತಾಯಿ ಇವೆರಡಕ್ಕಿಂತ ಹಳೆಯದಾದ ಬೇರೊಂದು ಭಾಷೆ, ಇವೆರಡೂ ಸೋದರಿಯರು ಎಂಬಲ್ಲಿಗೆ ತಲುಪಲು ಇನ್ನೂ ಎರಡು ದಿನ ಹಿಡಿಯಿತು. ಇಷ್ಟು ನಿಧಾನವಾದರೂ ಗೊಂದಲಕ್ಕೆ ನಾನು ಕಂಡ ಮದ್ದು ಇದೊಂದೇ.

ಭಾವನ ವಿಷಯದಲ್ಲಿ ಮಾತ್ರ ಇದೂ ನಡೆಯಲಿಲ್ಲ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಿನವರದನ್ನು ಕೆಡಹುವುದನ್ನು ನ್ಯಾಯಶಾಸ್ತ್ರ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರ, ವಿತಂಡವೆನ್ನುತ್ತದೆ; ಭಾವ ಮಾಡುತ್ತಿದ್ದದ್ದೂ ಅದನ್ನೇ. "ನಿಮ್ಮ ಅಭಿಪ್ರಾಯವೇನು ಭಾವ?" ಎಂದು ಎರಡು ಬಾರಿ ಕೇಳಿದಾಗಲೂ ಬಂದದ್ದು ನನ್ನ ಓದಿನ ಬಗ್ಗೆ ಕುಹಕ. ಹೇಳಬೇಕಾದದ್ದನ್ನು ಹೇಳಿಯಾಗಿದೆ ಎಂದು ಬರೆದು ಸುಮ್ಮನಾದೆ. ಮೌನದಿಂದ ನೆಮ್ಮದಿಯೇನೋ ಸಿಕ್ಕಿತು, ಆದರೆ ಅದುವರೆಗೆ ಒಂದಕ್ಷರವನ್ನೂ ಬರೆಯದೆ ಎಲ್ಲವನ್ನೂ ಓದುತ್ತಿದ್ದ ಚಿಕ್ಕಪ್ಪನ ಮಗಳು ಆ ರಾತ್ರಿ ಫೋನ್ ಮಾಡಿ, "ಸೋತುಬಿಟ್ಟೆಯಾ ಅಣ್ಣಾ?" ಎಂದಳು. ಅವಳಿಗೆ ಕೇಶಿರಾಜನಿಂದ ಹಿಡಿದು ಕಾಲ್ಡ್‌ವೆಲ್‌ವರೆಗೆ ಎಲ್ಲವನ್ನೂ ವಿವರಿಸಲು ಅರ್ಧ ಗಂಟೆ ಬೇಕಾಯಿತು.