ಟೇಪ್ ಓದುತ್ತಿಲ್ಲವೆಂದು ಅದರ ಮೇಲೆ ಬರೆದು ನೋಡಬೇಡಿ

ಲಿನಕ್ಸ್ ಯಂತ್ರಕ್ಕೆ ಟೇಪ್ ಡ್ರೈವ್ ಜೋಡಿಸಿ ಬ್ಯಾಕಪ್ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಡ್ರೈವ್ ಕೆಟ್ಟಿರಲಿಲ್ಲ, ಟೇಪೂ ಕೆಟ್ಟಿರಲಿಲ್ಲ. ಆದರೂ ಒಂದು ವಾರದ ಕೆಲಸವನ್ನು ನಾನು ಕೈಯಾರೆ ಕಳೆದಿದ್ದೇನೆ.

ನಮ್ಮದು ತಾಳೆಗರಿ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡುವ ಸಣ್ಣ ಕಚೇರಿ. ಪ್ರತಿ ಶುಕ್ರವಾರ ಸಂಜೆ ಆ ವಾರದ ಚಿತ್ರಗಳೆಲ್ಲ ಹಲವು ಕಡತಗಳನ್ನು ಒಂದಾಗಿ ಕಟ್ಟುವ ಟಾರ್ ಎಂಬ ಪ್ರೋಗ್ರಾಂ ಮೂಲಕ ಒಂದು ಎಲ್‌ಟಿಒ-6 ಟೇಪಿಗೆ ಹೋಗುತ್ತವೆ. ಒಂದೊಂದರಲ್ಲಿ 2.5 ಟೆರಾಬೈಟ್ ಹಿಡಿಯುತ್ತದೆ, ನಮಗೆ ಅದು ಧಾರಾಳ. ಸರ್ವರಿನ ಡಿಸ್ಕುಗಳು ಕೈಕೊಟ್ಟಾಗಲೂ ನಾನು ಹೆದರಲಿಲ್ಲ. ಟೇಪುಗಳಿದ್ದವು.

ತಪ್ಪು ನಡೆದದ್ದು ಹೊಸ ಯಂತ್ರದಲ್ಲಿ. ಲಿನಕ್ಸಿನಲ್ಲಿ ಟೇಪ್ ಡ್ರೈವನ್ನು ನಡೆಸುವ ಎಸ್‌ಟಿ ಡ್ರೈವರ್ ತನ್ನ ಸೆಟ್ಟಿಂಗುಗಳನ್ನು ಎಲ್ಲಿಯೂ ಬರೆದಿಟ್ಟುಕೊಳ್ಳುವುದಿಲ್ಲ. ಯಂತ್ರ ಮರುಚಾಲನೆಯಾದರೆ ಎಲ್ಲವೂ ಮಾಯ. ಅದಕ್ಕಾಗಿಯೇ ಎಸ್‌ಟಿಇನಿಟ್ ಎಂಬ ಸಣ್ಣ ಪ್ರೋಗ್ರಾಂ ಇದೆ. ಇಟಿಸಿ ಡೈರೆಕ್ಟರಿಯ ಎಸ್‌ಟಿಇನಿಟ್.ಡೆಫ್ ಕಡತವನ್ನು ಓದಿ ಅದು ಡ್ರೈವರಿಗೆ ಪೂರ್ವನಿಗದಿತ ಮೌಲ್ಯಗಳನ್ನು ಒಪ್ಪಿಸುತ್ತದೆ. ನಮ್ಮ ಹಳೆಯ ಕಡತ ಸತ್ತ ಡಿಸ್ಕಿನಲ್ಲಿತ್ತು. ಅವಸರದಲ್ಲಿ ಎಲ್ಲಿಂದಲೋ ಒಂದು ಮಾದರಿ ಕಡತವನ್ನು ತಂದು ಹಾಕಿದೆ. ಅದರಲ್ಲಿ ಬ್ಲಾಕ್ ಗಾತ್ರ 512 ಎಂದಿತ್ತು. ಅದೇನೆಂದು ನಾನು ವಿಚಾರಿಸಲಿಲ್ಲ.

ಟೇಪಿನಲ್ಲಿ ದತ್ತಾಂಶ ಬ್ಲಾಕುಗಳಾಗಿ ಕೂರುತ್ತದೆ. ಡ್ರೈವರಿನಲ್ಲಿ ಗಾತ್ರ 0 ಎಂದಿದ್ದರೆ ಬರೆಯುವ ಪ್ರೋಗ್ರಾಂ ಎಷ್ಟು ಕೊಟ್ಟಿತೋ ಅಷ್ಟೇ ದೊಡ್ಡ ಬ್ಲಾಕ್. ಬೇರೆ ಸಂಖ್ಯೆ ಇದ್ದರೆ ಪ್ರತಿಯೊಂದೂ ಅಷ್ಟೇ ಗಾತ್ರದ್ದಾಗಿರಬೇಕು. ನಮ್ಮ ಹಳೆಯ ಟೇಪುಗಳು 0 ಇದ್ದಾಗ ಬರೆದವು, ಒಂದೊಂದು ಬ್ಲಾಕ್ 2,62,144 ಬೈಟ್. ಹೊಸ ಡ್ರೈವರ್ ಅಲ್ಲಿ 512 ಬೈಟಿನ ಬ್ಲಾಕು ಹುಡುಕಿತು. ಪರದೆಯ ಮೇಲೆ ಬಂದದ್ದು ಬರಿಯ ಇನ್‌ಪುಟ್ ಔಟ್‌ಪುಟ್ ದೋಷ. ಬ್ಲಾಕ್ ಗಾತ್ರ ಸರಿಯಿಲ್ಲವೆಂದು ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ಲಾಗ್ ಸ್ಪಷ್ಟವಾಗಿ ಹೇಳುತ್ತಿತ್ತು, ನಾನು ಅದನ್ನು ತೆರೆಯಲಿಲ್ಲ.

ಟೇಪನ್ನು ಓದುವ ಹೆಡ್ ಕೊಳೆಯಾಗಿರಬೇಕೆಂದು ಕ್ಲೀನಿಂಗ್ ಕಾರ್ಟ್ರಿಜ್ ಹಾಕಿದೆ. ಮತ್ತೆ ಅದೇ ದೋಷ. ಆಗ, ಡ್ರೈವ್ ಬರೆಯುತ್ತದೆಯೋ ಇಲ್ಲವೋ ನೋಡೋಣವೆಂದು, ಒಳಗಿದ್ದ ಟೇಪಿಗೇ ಒಂದು ಪುಟ್ಟ ಪಠ್ಯ ಕಡತ ಬರೆದೆ. ಒಂದೂ ದೋಷವಿಲ್ಲದೆ ಬರೆಯಿತು, ಓದಿಯೂ ತೋರಿಸಿತು. ನನಗೆ ಸಮಾಧಾನವೇ ಆಯಿತು. ಆ ಕಡತ ಟೇಪಿನ ಮೊದಲಿನಲ್ಲಿ ಕುಳಿತಿತ್ತು. ಎಲ್‌ಟಿಒ ಟೇಪಿನಲ್ಲಿ ಕೊನೆಯದಾಗಿ ಬರೆದದ್ದೆಲ್ಲಿ ಮುಗಿಯಿತೋ ಅಲ್ಲೇ ದತ್ತಾಂಶದ ಅಂತ್ಯದ ಗುರುತು ಬೀಳುತ್ತದೆ. ಅದರಾಚೆಗೆ ಹೋಗಿ ಓದಲು ಡ್ರೈವ್ ಒಪ್ಪುವುದಿಲ್ಲ. ಅಷ್ಟೂ ಚಿತ್ರಗಳು ಗುರುತಿನ ಆಚೆಗೆ ಉಳಿದವು.

ಇದು ತಿಳಿದದ್ದು ಹಿಂದಿನ ವಾರದ ಟೇಪು ಹಾಕಿದ ಮೇಲೆ. ಈ ಸಲ ಮೊದಲು ಕಾರ್ಟ್ರಿಜ್ ಮೂಲೆಯ ಬರಹ ತಡೆಯುವ ಪಟ್ಟಿಯನ್ನು ಸರಿಸಿದೆ. ಟೇಪ್ ಡ್ರೈವಿಗೆ ಅಪ್ಪಣೆ ಕೊಡುವ ಎಂಟಿ ಆದೇಶದ ಸೆಟ್‌ಬ್ಲಾಕ್ ಬಳಸಿ ಗಾತ್ರವನ್ನು 0 ಮಾಡಿದೆ. ಆಗ ಮೆಮೊರಿ ಸಾಲದೆಂಬ ಇನ್ನೊಂದು ದೋಷ ಬಂತು. ಇದು ತುಂಬ ಜನರನ್ನು ದಾರಿ ತಪ್ಪಿಸುವ ಸಂದೇಶ. ಯಂತ್ರದ ರ್‍ಯಾಮಿಗೂ ಅದಕ್ಕೂ ಸಂಬಂಧವಿಲ್ಲ; ಟಾರ್ ತನ್ನ ವಾಡಿಕೆಯಂತೆ 10,240 ಬೈಟಿನ ಪಾತ್ರೆ ಹಿಡಿದಿತ್ತು, ಟೇಪಿನ ಬ್ಲಾಕ್ ಅದರಲ್ಲಿ ಹಿಡಿಸಲಿಲ್ಲ. ಟಾರ್ ಒಂದು ಸಲಕ್ಕೆ 512 ಬೈಟಿನ ಎಷ್ಟು ತುಂಡು ಹಿಡಿಯಬೇಕೆಂದು ಹೇಳುವ ಬ್ಲಾಕಿಂಗ್ ಸಂಖ್ಯೆಯನ್ನು 512 ಎಂದು ಕೊಟ್ಟ ಮೇಲೆ (512 × 512 = 2,62,144) ಕಡತಗಳ ಹೆಸರು ಒಂದೊಂದಾಗಿ ಇಳಿದು ಬಂದವು. ಆದರೆ ಮುಂದಿನ ಟೇಪು ಹಾಕಿದ ಕೂಡಲೇ ಮತ್ತೆ ಹಳೆಯ ದೋಷ. ಸೆಟ್‌ಬ್ಲಾಕ್ ಹೊಸ ಟೇಪು ಒಳಗೆ ಹೋಗುವ ತನಕ ಮಾತ್ರ. ಆಮೇಲೆ ಡ್ರೈವರ್ ತನ್ನ ಪೂರ್ವನಿಗದಿತ ಗಾತ್ರಕ್ಕೆ ಮರಳುತ್ತದೆ. ಎಸ್‌ಟಿಇನಿಟ್.ಡೆಫ್‌ನಲ್ಲಿಯೇ 0 ಎಂದು ತಿದ್ದಿ ಎಸ್‌ಟಿಇನಿಟ್ ಅನ್ನು ಮತ್ತೆ ಓಡಿಸಿದ ಮೇಲೆ ಈ ಕಾಟ ತಪ್ಪಿತು.

ಕಳೆದುಹೋದ ವಾರದ ಗರಿಗಳು ಒಂದು ಮನೆತನದವು, ಸ್ಕ್ಯಾನ್ ಮುಗಿಸಿ ಹಿಂದಿರುಗಿಸಿದ್ದೆವು. ಮತ್ತೆ ಹೋಗಿ ಕೇಳಿದಾಗ ಆ ಮನೆಯ ಹಿರಿಯರು ಬೇಸರಿಸದೆ ಕಟ್ಟು ಬಿಚ್ಚಿಕೊಟ್ಟರು. ಮುಟ್ಟಿದರೆ ಅಂಚು ಉದುರುವ ಗರಿಗಳವು. ಎರಡನೆಯ ಸಲ ಬಿಡಿಸುವಾಗ ಎರಡು ಗರಿಗಳ ಅಂಚು ಮುರಿದು ಕೆಲವು ಅಕ್ಷರಗಳು ಹೋದವು. ಅದು ನನಗೆ ಇಂದಿಗೂ ನೋಯುತ್ತದೆ.

ಈಗ ಪ್ರತಿ ಟೇಪಿನ ಪೆಟ್ಟಿಗೆಯೊಳಗೆ ಒಂದು ಚೀಟಿ ಇರುತ್ತದೆ: ಡ್ರೈವರಿನ ಬ್ಲಾಕ್ ಗಾತ್ರ, ಟಾರ್‌ನ ಬ್ಲಾಕಿಂಗ್ ಸಂಖ್ಯೆ, ಬರೆದ ದಿನಾಂಕ. ಎಸ್‌ಟಿಇನಿಟ್.ಡೆಫ್‌ನ ಮುದ್ರಿತ ಪ್ರತಿ ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ.