ಮಾಟುಂಗಾದ ವೀಸಾ ಸಲಹಾ ಕಚೇರಿ: ತಿಳಿವಳಿಕೆ ಉಂಟು, ಶುಲ್ಕ ಜಾಸ್ತಿ
ತಮ್ಮನ ಆಸ್ಟ್ರೇಲಿಯಾ ಉದ್ಯೋಗದ ಸಂಬಂಧ ಮುಂಬಯಿಯ ಈ ಕಚೇರಿಗೆ ಹೋದಾಗ, ಉದ್ಯೋಗದಾತ ಸಂಸ್ಥೆಯು ಪ್ರಾಯೋಜಕನೆಂದು ಅನುಮೋದನೆ ಪಡೆದು, ಹುದ್ದೆಯ ನಾಮನಿರ್ದೇಶನಕ್ಕೂ (ಯಾವ ಹುದ್ದೆಗೆ ಯಾರನ್ನು ಕರೆಸುತ್ತೇವೆಂಬ ಅದರ ಅರ್ಜಿಗೂ) ಒಪ್ಪಿಗೆ ದೊರೆತ ಮೇಲೆಯೇ 482 ವೀಸಾ, ಅಂದರೆ ಅಲ್ಲಿನ ತಾತ್ಕಾಲಿಕ ಉದ್ಯೋಗ ವೀಸಾ, ಮಂಜೂರಾಗುತ್ತದೆ ಎಂಬುದನ್ನು ಸಲಹೆಗಾರರು ಕನ್ನಡದಲ್ಲೇ ತಾಳ್ಮೆಯಿಂದ ವಿವರಿಸಿದರು. ನಾಮನಿರ್ದೇಶನದ ಶುಲ್ಕವನ್ನೂ ಅದರೊಂದಿಗೆ ಕಟ್ಟಬೇಕಾದ ತರಬೇತಿ ನಿಧಿಯ ವಂತಿಗೆಯನ್ನೂ ಉದ್ಯೋಗದಾತನೇ ಭರಿಸಬೇಕು, ನೌಕರನಿಂದ ವಸೂಲು ಮಾಡುವಂತಿಲ್ಲ ಎಂದು ಅವರು ಕೇಳದೆಯೇ ತಿಳಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಈ ಮಾತನ್ನು ಮುಚ್ಚಿಟ್ಟು ದುಡ್ಡು ಕೀಳುವವರಿಗೆ ಈ ಊರಿನಲ್ಲಿ ಬರವಿಲ್ಲ. ಆದರೆ ಕೆಲಸ ಬಿಟ್ಟವರಿಗೆ ಹೊಸ ಪ್ರಾಯೋಜಕನನ್ನು ಹುಡುಕಿಕೊಳ್ಳಲು 2024ರ ಜುಲೈಯಿಂದ ಒಂದು ಸಲಕ್ಕೆ 180 ದಿನಗಳವರೆಗೆ ಅವಕಾಶವಿದೆ ಎಂಬ ಮುಖ್ಯ ಸಂಗತಿಯನ್ನು ನಾನೇ ಕೆದಕಿ ಹೇಳಿಸಬೇಕಾಯಿತು. ಸೇವಾಶುಲ್ಕ ದುಬಾರಿಯೇ, ಕಂತುಗಳಲ್ಲಿ ಕಟ್ಟಬಹುದು, ರಸೀದಿ ತಪ್ಪದೆ ಕೊಡುತ್ತಾರೆ.